ಬುಸ್ಸೆನ್ನುವ ಎಣ್ಣೆ

ಸ್ಪ್ರೇ ಎಣ್ಣೆಯ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಎಣ್ಣೆಯಲ್ಲ. ಸೀಮೆಎಣ್ಣೆಯ ಬಳಗಕ್ಕೆ ಸೇರಿದ, ಬೇಗ ಆರುವ ತೆಳು ದ್ರಾವಕವೇ ಅದರ ಹೆಚ್ಚಿನ ಪಾಲು. ಆ ದ್ರಾವಕದಲ್ಲಿ ಕರಗಿರುವ ಖನಿಜ ತೈಲ ಸಾಮಾನ್ಯವಾಗಿ ಮೂರನೇ ಒಂದು ಪಾಲನ್ನೂ ಮೀರುವುದಿಲ್ಲ. ಇವೆರಡನ್ನೂ ಹೊರಕ್ಕೆ ತಳ್ಳಲು ಒತ್ತಡದಲ್ಲಿ ತುಂಬಿದ ಅನಿಲವೊಂದು. ಮೇಲಿನ ಗುಂಡಿ ಅದುಮಿದರೆ ಬುಸ್ಸೆಂದು ಹೊರಡುವ ತುಂತುರಿನಲ್ಲಿ ದ್ರಾವಕ ಮುಂದಾಗಿ ತುಕ್ಕಿನ ಸಂದಿಗೆ ನುಗ್ಗುತ್ತದೆ, ಎಣ್ಣೆಯನ್ನೂ ಒಳಗೆ ಎಳೆದುಕೊಂಡು ಹೋಗುತ್ತದೆ, ಆಮೇಲೆ ತಾನು ಆವಿಯಾಗಿ ಜಾಗ ಖಾಲಿ ಮಾಡುತ್ತದೆ. ಉಳಿಯುವುದು ಎಣ್ಣೆಯ ತೆಳು ಪೊರೆ. ಈ ಡಬ್ಬಿಯ ಗುಣ, ಅವಗುಣ, ಅಪಾಯ ಮೂರೂ ಆ ದ್ರಾವಕದಲ್ಲೇ ಇವೆ: ತುಕ್ಕಿನೊಳಗೆ ನುಸುಳುವುದೂ ಅದೇ, ಬೇರಿಂಗಿನ ಗ್ರೀಸನ್ನು ತೊಳೆದು ಹಾಕುವುದೂ ಅದೇ, ಕಿಡಿ ಸಿಕ್ಕರೆ ಹತ್ತಿಕೊಳ್ಳುವುದೂ ಅದೇ.

‘ಎಣ್ಣೆ ಹಾಕು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಕಚ್ಚಿಕೊಂಡದ್ದನ್ನು ಬಿಡಿಸುವುದು ಒಂದು. ಉಜ್ಜಾಡುವ ಎರಡು ಭಾಗಗಳ ನಡುವೆ ಜಾರಿಕೆ ಕೊಡುವುದು ಇನ್ನೊಂದು. ಲೋಹಕ್ಕೆ ನೀರು, ಗಾಳಿ ತಾಗದಂತೆ ಕಾಯುವುದು ಮತ್ತೊಂದು. ಸಾಮಾನ್ಯ ಸ್ಪ್ರೇ ಎಣ್ಣೆ ಮೊದಲನೆಯದರಲ್ಲಿ ನಿಸ್ಸೀಮ. ಮೂರನೆಯದನ್ನು, ಮಳೆ ಬೀಳದ ಕಡೆ, ಕೆಲವು ವಾರ ಮಾಡೀತು. ಎರಡನೆಯದಕ್ಕೆ ಬಂದರೆ ಅದು ಊಟ ಮಾಡಿ ಹೊರಡುವ ನೆಂಟನಂತೆ. ಇರುವಷ್ಟು ಹೊತ್ತು ಸಡಗರ, ಸಂಜೆಗೆ ಮನೆಯಲ್ಲಿಲ್ಲ. ಡಬ್ಬಿ ಕೈಗೆತ್ತಿಕೊಳ್ಳುವ ಮುಂಚೆ ಈ ಮೂರರಲ್ಲಿ ಯಾವ ಕೆಲಸ ಆಗಬೇಕಾಗಿದೆ ಎಂದು ಕೇಳಿಕೊಂಡರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಮಂಡ್ಯ ತಾಲ್ಲೂಕಿನ ದುದ್ದದಂಥ ಹೋಬಳಿ ಊರಿನಲ್ಲಿ ಈ ಡಬ್ಬಿಗೆ ಕೆಲಸ ಹುಡುಕಬೇಕಾಗಿಲ್ಲ. ತುಕ್ಕು ಹಿಡಿಯಲು ಕಬ್ಬಿಣಕ್ಕೆ ಬೇಕಾದದ್ದು ನೀರು ಮತ್ತು ಗಾಳಿ. ಉಪ್ಪು ಸೇರಿದರೆ ಕೆಲಸ ಇನ್ನೂ ಚುರುಕು. ಕಬ್ಬು, ಭತ್ತದ ಸೀಮೆಯಲ್ಲಿ ನೀರಿಗೆ ಬರವಿಲ್ಲದ ಗದ್ದೆಗಳುಂಟು, ಉಪ್ಪನ್ನು ಗೊಬ್ಬರದ ಮೂಟೆ ಒದಗಿಸುತ್ತದೆ. ಹೊಲಕ್ಕೆ ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪು. ಅದರ ಮೂಟೆಗೆ ಒರಗಿಸಿಟ್ಟ ಗುದ್ದಲಿ, ಕಲ್ಟಿವೇಟರು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತವೆ. ಆಲೆಮನೆಯ ಗಾಣಕ್ಕೆ ಕಾಟ ಕೊಡುವುದು ಕಬ್ಬಿನ ಹಾಲು. ಅದರಲ್ಲಿ ಹುಳಿಯ ಅಂಶವಿರುವುದರಿಂದ ತೊಳೆಯದೆ ಬಿಟ್ಟ ರೋಲರು, ಬೋಲ್ಟುಗಳನ್ನು ಅದು ತಿನ್ನುತ್ತದೆ. ಕೊಟ್ಟಿಗೆಯ ಗಂಜಲ ತಾಗುವ ಕೀಲು, ನಾಲೆಯ ಬದಿಯ ಮೋಟಾರ್ ಮನೆಯ ಬೀಗ, ಅಂಗಡಿ ಬೀದಿಯ ಶಟರು ಎಲ್ಲದರ ಕಥೆಯೂ ಒಂದೇ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ನಟ್ಟು ಬಿಗಿದುಕೊಳ್ಳುವುದಕ್ಕೆ ಅದೇ ಕಾರಣ: ತಿರುಪಿನ ಮರೆಗಳ ಸಂದಿಯಲ್ಲಿ ತುಕ್ಕು ಉಬ್ಬಿ ಬೆಣೆ ಹೊಡೆದಂತೆ ಕೂತುಬಿಡುತ್ತದೆ.

ಡಬ್ಬಿ ಬರುವ ಮುಂಚೆಯೂ ಊರಿನಲ್ಲಿ ಎಣ್ಣೆಗಳಿದ್ದವು, ಅವುಗಳಿಗೂ ಅವುಗಳದೇ ಲೆಕ್ಕಾಚಾರವಿತ್ತು. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ದಪ್ಪ ಮಿಶ್ರಣ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕಿಕೊಂಡು ಹೋಗುವ ರೂಢಿಯಿತ್ತು. ಮಂಡ್ಯದಲ್ಲಿ 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆಗೆ ಕಬ್ಬು ಹೊತ್ತ ಗಾಡಿಗಳು ಸಾಲುಗಟ್ಟಿದ ಕಾಲದಲ್ಲಿ ಅಚ್ಚು ಕಾಯಿಸದೆ ಗಾಡಿ ಓಡಿಸುವುದು ದೊಡ್ಡ ಜಾಣತನ. ಹರಳೆಣ್ಣೆಯ ಆಯ್ಕೆ ಹಳ್ಳಿಯ ಅಂದಾಜಿನದಷ್ಟೇ ಅಲ್ಲ: ಭಾರ ಬಿದ್ದರೂ ಲೋಹವನ್ನು ಬಿಡದೆ ಅಂಟಿಕೊಳ್ಳುವ ಗುಣಕ್ಕಾಗಿ ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್ನುಗಳಿಗೂ ಅದೇ ಎಣ್ಣೆ ಹೋಗುತ್ತಿತ್ತು. ಮನೆಯೊಳಗಿನ ಬಾಗಿಲು, ಬೀಗಗಳಿಗೆ ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ. ಹಾಕಿದ ದಿನ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗಿನ ಜಾವ ತೆರೆಯಲೊಲ್ಲದ ಬೀಗ ಬಿಸಿಲೇರಿದ ಮೇಲೆ ತಾನಾಗಿಯೇ ತೆರೆದರೆ ಅದರಲ್ಲಿ ಪವಾಡವೇನೂ ಇಲ್ಲ. ವರ್ಷಗಟ್ಟಲೆ ಅಡುಗೆ ಎಣ್ಣೆ ಕುಡಿದ ಬೀಗದಲ್ಲಿ ದೂಳೂ ಎಣ್ಣೆಯ ಜಿಗುಟೂ ಸೇರಿ ಕಂದು ಮೇಣವಾಗುವುದು ಇನ್ನೊಂದು ತೊಂದರೆ. ಹೊಲಿಗೆ ಮಿಷನ್ ಎಣ್ಣೆ ಹೀಗೆ ಜಿಗುಟಾಗುವುದು ಬಹಳ ಕಡಿಮೆ. ಆದ್ದರಿಂದಲೇ ಮನೆಗಳಲ್ಲಿ ಅದರ ಪುಟ್ಟ ಮೂಗಿನ ಡಬ್ಬಿಗೆ ಇಂದಿಗೂ ಜಾಗವಿದೆ.

ಒತ್ತಡದ ಡಬ್ಬಿಯಿಂದ ತುಂತುರು ಹಾರಿಸುವ ಉಪಾಯಕ್ಕೆ ನಾರ್ವೆಯ ಎರಿಕ್ ರೋಥೈಮ್ 1927ರಲ್ಲಿ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಸೊಳ್ಳೆ ಔಷಧಿಯ ಡಬ್ಬಿಗಳನ್ನು ಹೊತ್ತು ತಿರುಗಿದ ಮೇಲೆ ಅದು ಲೋಕದ ಬಳಕೆಗೆ ಬಂತು. ಎಣ್ಣೆಯ ಡಬ್ಬಿಗಳಲ್ಲಿ ಹೆಸರಾದ ಡಬ್ಲ್ಯೂಡಿ-40, ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿ 1953ರಲ್ಲಿ ಕಂಡುಕೊಂಡ ಮಿಶ್ರಣ. ಅಟ್ಲಾಸ್ ಕ್ಷಿಪಣಿಯ ತೆಳು ಲೋಹದ ಮೈಗೆ ನೀರು ನಿಲ್ಲದಂತೆ, ತುಕ್ಕು ಹತ್ತದಂತೆ ಮಾಡಲು ಅದನ್ನು ಬಳಸಿದರು. ನೀರನ್ನು ಸರಿಸುವ ಮಿಶ್ರಣದ ನಲವತ್ತನೆಯ ಪ್ರಯತ್ನ ಗೆದ್ದದ್ದರಿಂದ ಆ ಹೆಸರು. 1958ರಲ್ಲಿ ಅಂಗಡಿಗೆ ಬಂದ ಡಬ್ಬಿ ಎಷ್ಟು ಖರ್ಚಾಯಿತೆಂದರೆ 1969ರಲ್ಲಿ ಕಂಪನಿ ತನ್ನ ಹೆಸರನ್ನೇ ಅದಕ್ಕೆ ಹೊಂದಿಸಿಕೊಂಡಿತು. ಹುಟ್ಟಿನಿಂದಲೇ ಅದು ನೀರು ಸರಿಸುವ ಸರಕು, ಅಚ್ಚಿಗೆ ಹಾಕುವ ಎಣ್ಣೆಯಲ್ಲ ಎಂಬುದನ್ನು ಈ ಚರಿತ್ರೆಯೇ ಹೇಳುತ್ತದೆ. ಹಿಂದೆ ಇಂಥ ಬಹಳ ಡಬ್ಬಿಗಳಲ್ಲಿ ತಳ್ಳುವ ಅನಿಲವಾಗಿದ್ದುದು ಸಿಎಫ್‌ಸಿ. ಅದು ಬೆಂಕಿಗೆ ಹತ್ತುತ್ತಿರಲಿಲ್ಲ, ಆದರೆ ಓಜೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ, 1992ರಲ್ಲಿ ಅದಕ್ಕೆ ಭಾರತದ ಸೇರ್ಪಡೆ, ಇವುಗಳ ನಂತರ ಆ ಅನಿಲ ಹಿಂದೆ ಸರಿಯಿತು. ಈಗಿನ ಡಬ್ಬಿಗಳಲ್ಲಿ ಇಂಗಾಲದ ಡೈಆಕ್ಸೈಡ್ ಇರಬಹುದು, ಅಡುಗೆ ಸಿಲಿಂಡರಿನ ಜಾತಿಯದೇ ಆದ ಬ್ಯೂಟೇನ್, ಪ್ರೊಪೇನ್ ಇರಬಹುದು. ಎರಡನೆಯದಿದ್ದರೆ ದ್ರಾವಕದ ಬೆಂಕಿಗೆ ಅನಿಲದ ಬೆಂಕಿಯೂ ಜೊತೆಗೂಡಿತು.

ಅಂಗಡಿಯ ಸಾಲಿನಲ್ಲಿ ಒಂದೇ ಎತ್ತರಕ್ಕೆ ನಿಂತ ಡಬ್ಬಿಗಳೆಲ್ಲ ಒಂದೇ ಅಲ್ಲ. ತುಕ್ಕು ಬಿಡಿಸುವ ಸಾಮಾನ್ಯ ಸ್ಪ್ರೇ ಒಂದು ಬಗೆ. ಸಿಲಿಕೋನ್ ಸ್ಪ್ರೇ ಎರಡನೆಯದು: ರಬ್ಬರು, ಪ್ಲಾಸ್ಟಿಕ್ಕಿನ ಕಿಟಕಿ ಹಳಿ, ಕಾರಿನ ಬಾಗಿಲ ಬೀಡಿಂಗು ಇವುಗಳಿಗೆ ಹೇಳಿ ಮಾಡಿಸಿದ್ದು. ಅದು ತಾಗಿದ ಜಾಗದಲ್ಲಿ ಮುಂದೆ ಬಣ್ಣ ಕೂರುವುದಿಲ್ಲ, ಗುಳಿ ಗುಳಿಯಾಗಿ ಸರಿಯುತ್ತದೆ. ಬಣ್ಣ ಹೊಡೆಯುವ ಕಡೆ ಅದನ್ನು ತರಬಾರದು. ಬಿಳಿ ಲಿಥಿಯಂ ಗ್ರೀಸಿನ ಸ್ಪ್ರೇ ಮೂರನೆಯದು. ಗೇಟಿನ ಕೀಲು, ಶಟರಿನ ಬದಿಯಂಥ ಭಾರದ ಕಬ್ಬಿಣಕ್ಕೆ. ಚೈನಿಗೆಂದೇ ಮಾಡಿದ್ದು ನಾಲ್ಕನೆಯದು. ಸಿಡಿಯದೆ ಕೊಂಡಿಗೆ ಅಂಟುವ ಗುಣ ಅದರದು. ಕಾಂಟ್ಯಾಕ್ಟ್ ಕ್ಲೀನರ್, ಬ್ರೇಕ್ ಕ್ಲೀನರ್ ಎಂಬವು ಎಣ್ಣೆಗಳೇ ಅಲ್ಲ, ತೊಳೆಯುವ ದ್ರಾವಕಗಳು. ಬಣ್ಣ ನೋಡಿ ಕೊಳ್ಳದೆ ಬರಹ ಓದಿ ಕೊಳ್ಳುವುದು ಲೇಸು.

ಈ ಡಬ್ಬಿಯ ನಿಜವಾದ ಕೈಚಳಕ ಕಾಣುವುದು ತುಕ್ಕು ಕಚ್ಚಿದ ನಟ್ಟಿನ ಮೇಲೆ. ಟಿಲ್ಲರಿನ ಹಿಂದಿನ ಕುಳದ ಬೋಲ್ಟನ್ನು ತೆಗೆದುಕೊಳ್ಳಬಹುದು. ಹೊಲದ ಮಣ್ಣು ಒಣಗಿ ಮರೆಗಳೇ ಕಾಣದಷ್ಟು ಮುಚ್ಚಿರುತ್ತದೆ. ‘ಒಸಿ ಸ್ಪ್ರೇ ಹೊಡುದ್ರೆ ಬುಟ್ಕತದೆ ಬುಡಣ್ಣ’ ಎನ್ನುವ ಗ್ಯಾರೇಜಿನ ಹುಡುಗ ಮಣ್ಣಿನ ಮೇಲೇ ಹೊಡೆದರೆ ಎಣ್ಣೆ ಕುಡಿಯುವುದು ಮಣ್ಣು, ನಟ್ಟಲ್ಲ. ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ ಮರೆ ಬಿಡಿಸಬೇಕು. ಡಬ್ಬಿಯ ಜೊತೆ ಬರುವ ಕೆಂಪು ಕೊಳವೆಯನ್ನು ಮೂತಿಗೆ ಸಿಕ್ಕಿಸಿ ನಟ್ಟೂ ಬೋಲ್ಟೂ ಸೇರುವ ಗೆರೆಗೆ ಚೂರೇ ಚೂರು ಬಿಡಬೇಕು. ಆಮೇಲಿನದೇ ಕಷ್ಟದ ಕೆಲಸ: ಕಾಯುವುದು. ಹತ್ತು ಹದಿನೈದು ನಿಮಿಷವಾದರೂ ಬಿಡಬೇಕು, ಹಠಮಾರಿಯಾದರೆ ರಾತ್ರಿಯಿಡೀ. ನಡುನಡುವೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಸಣ್ಣಗೆ ತಟ್ಟಿದರೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ನಂತರ ಸರಿಯಳತೆಯ ಸ್ಪಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ, ಹೀಗೆ ಹಿಂದೆ ಮುಂದೆ ಆಡಿಸಬೇಕು. ಕರ್ರನೆ ಸದ್ದಾಗಿ ಕೆಂಪು ಪುಡಿ ಉದುರಿತೆಂದರೆ ಬಿಟ್ಟುಕೊಂಡಿತೆಂದು ಅರ್ಥ. ಸ್ಪಾನರಿಗೆ ಉದ್ದನೆ ಪೈಪು ತೂರಿಸಿ ಒಮ್ಮೆಗೇ ಜಗ್ಗಿದವರಿಗೆ ಬೋಲ್ಟಿನ ಅರ್ಧ ಮಾತ್ರ ಕೈಗೆ ಬರುತ್ತದೆ. ಒಂದು ಎಚ್ಚರಿಕೆ ಇಲ್ಲಿಯೇ ಸೇರಬೇಕು: ಎಣ್ಣೆ ಹೊಡೆದ ನಟ್ಟನ್ನು ಆಮೇಲೆ ಗ್ಯಾಸ್ ಕಟ್ಟರಿನಿಂದ ಕಾಯಿಸಲು ಹೋಗಬಾರದು. ಬಿಚ್ಚಿದ ಬೋಲ್ಟನ್ನು ಒರೆಸಿ, ತುಸು ಗ್ರೀಸು ಸವರಿ ಹಾಕಿದರೆ ಮುಂದಿನ ಸಲ ಇಷ್ಟೆಲ್ಲ ಕಾಯುವ ಕೆಲಸವಿರುವುದಿಲ್ಲ.

ಬೀಗದಲ್ಲಿಯೂ ಅದೇ ಕ್ರಮ. ಮೋಟಾರ್ ಮನೆಯ ಬೀಗಕ್ಕೆ ಕೀಲಿಕೈ ಹೋಗುತ್ತದೆ, ತಿರುಗುವುದಿಲ್ಲ. ಸ್ಪ್ರೇಯಿಂದ ತೂತನ್ನು ತೊಳೆದು, ಬೀಗವನ್ನು ಬೋರಲು ಹಿಡಿದು ಕೊಳೆ ಇಳಿಸಿ, ಕೀಲಿಕೈ ಆಡಿಸಿ ಒರೆಸಿ, ಮತ್ತೆ ಆಡಿಸಬೇಕು. ಕೀಲಿಕೈ ಶುಭ್ರವಾಗಿ ಹೊರಬರುವ ತನಕ ಕೆಲಸ ಮುಗಿದಿಲ್ಲ. ಪೂರ್ತಿ ಆರಿದ ಮೇಲೆ ಗ್ರಾಫೈಟ್ ಪುಡಿ ಹಾಕಿದರೆ ಜಾರಿಕೆಯೂ ಉಳಿಯುತ್ತದೆ, ದೂಳೂ ಅಂಟುವುದಿಲ್ಲ. ಪೆನ್ಸಿಲಿನ ಸೀಸ ಎಂದು ಕರೆಯುವುದರಲ್ಲಿ ಇರುವುದೂ ಗ್ರಾಫೈಟೇ. ಅದನ್ನು ಕೀಲಿಕೈಯ ಹಲ್ಲುಗಳಿಗೆ ಉಜ್ಜಿ ಬೀಗದೊಳಗೆ ಆಡಿಸುವುದೂ ನಡೆಯುತ್ತದೆ. ಪುಡಿಯ ಮೇಲೆ ಮತ್ತೆ ಎಣ್ಣೆ ಬಿಟ್ಟರೆ ಎರಡೂ ಕೆಟ್ಟು ಕಪ್ಪು ಕೆಸರಾಗುತ್ತದೆ. ಕಿರುಗುಟ್ಟುವ ಬಾಗಿಲಿಗೆ ಸ್ಪ್ರೇ ಆ ಗಳಿಗೆಯ ಮಟ್ಟಿಗೆ ಸಾಕು. ಕೀಲಿನ ಕಡ್ಡಿಯನ್ನು ಹೊರಗೆ ತೆಗೆದು ಒರೆಸಿ ಗ್ರೀಸು ಹಚ್ಚಿದರೆ ವರ್ಷ ನಿಶ್ಶಬ್ದ.

ಚೈನಿನ ವಿಷಯದಲ್ಲಿ ಸಾಮಾನ್ಯ ಸ್ಪ್ರೇ ತೊಳೆಯುವ ನೀರಿನ ಕೆಲಸ ಮಾಡಬೇಕೇ ಹೊರತು ಕೊನೆಯ ಎಣ್ಣೆಯ ಕೆಲಸವಲ್ಲ. ಸೈಕಲ್ಲಿಗೆ ಮಿಷನ್ ಎಣ್ಣೆಯ ಹನಿ, ಬೈಕಿಗೆ ಚೈನ್ ಸ್ಪ್ರೇ ಅಥವಾ ಹಲವು ಬೈಕುಗಳ ಕೈಪಿಡಿ ಹೇಳುವ 90ರ ಗೇರ್ ಎಣ್ಣೆ ಬೇಕು. ಹೆಚ್ಚಾದದ್ದನ್ನು ಒರೆಸದಿದ್ದರೆ ಹೊಲದ ದೂಳು ಅಂಟಿ ಎಣ್ಣೆಯೇ ಮರಳುಕಾಗದವಾಗುತ್ತದೆ. ಇಲ್ಲಿ ಅಪಾಯ ಡಬ್ಬಿಗಿಂತ ಅಭ್ಯಾಸದಲ್ಲಿದೆ. ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಗೇರಿನಲ್ಲಿಟ್ಟು, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆಯ ತುದಿ ಹಲ್ಲಿಗೆ ಸಿಕ್ಕಿದರೆ ಬೆರಳೂ ಅದರ ಜೊತೆಗೇ ಹೋಗುತ್ತದೆ. ಎಂಜಿನ್ ನಿಲ್ಲಿಸಿ ಚಕ್ರವನ್ನು ಕೈಯಿಂದ ತಿರುಗಿಸುವುದೇ ಸರಿ. ಮೇವು ಕತ್ತರಿಸುವ ಯಂತ್ರಕ್ಕೆ ಎಣ್ಣೆ ಹಾಕುವಾಗಲೂ ಮೊದಲು ಪ್ಲಗ್ ಕೀಳಬೇಕು. ಸ್ವಿಚ್ಚು ಆರಿಸಿದ್ದು ಸಾಲದು, ಅದನ್ನು ಇನ್ನೊಬ್ಬರು ಒತ್ತಬಹುದು.

ಬೇರಿಂಗುಗಳಿಗೆ ಸ್ಪ್ರೇ ಶತ್ರು. ಸೀಲಿಂಗ್ ಫ್ಯಾನಿನ, ಸೈಕಲ್ ಪೆಡಲಿನ, ಟೈರ್ ಗಾಡಿಯ ಬೇರಿಂಗುಗಳಲ್ಲಿ ತುಂಬಿರುವುದು ಗ್ರೀಸು. ಸದ್ದು ಬಂತೆಂದು ಸ್ಪ್ರೇ ಹೊಡೆದರೆ ದ್ರಾವಕ ಗ್ರೀಸನ್ನು ಕರಗಿಸಿ ಹೊರಗೆ ಹರಿಸುತ್ತದೆ, ಸದ್ದು ಎರಡು ದಿನ ನಿಲ್ಲುತ್ತದೆ, ಮೂರನೆಯ ದಿನದಿಂದ ಬೇರಿಂಗು ಒಣಗಿ ಸವೆಯತೊಡಗುತ್ತದೆ. ಗ್ರೀಸು ಬದಲಿಸುವುದು ಅಥವಾ ಬೇರಿಂಗನ್ನೇ ಬದಲಿಸುವುದು ಇದಕ್ಕೆ ಮದ್ದು. ಹೊಲಿಗೆ ಮಿಷನ್ನಿನಲ್ಲಿ ಹಳೆಯ ಜಿಗುಟು ಕರಗಿಸಲು ಸ್ಪ್ರೇ ಬಳಸಿದರೂ ಪೂರ್ತಿ ಒರೆಸಿ ಮಿಷನ್ ಎಣ್ಣೆ ಬಿಡಬೇಕು, ಹಳೆಯ ಬಟ್ಟೆಯ ಮೇಲೆ ಒಂದಷ್ಟು ಹೊಲಿಗೆ ಓಡಿಸಬೇಕು. ಇಲ್ಲದಿದ್ದರೆ ಮದುವೆಯ ರೇಷ್ಮೆ ರವಿಕೆಯ ಮೇಲೆ ಬೀಳುವ ಎಣ್ಣೆಯ ಚುಕ್ಕೆಗೆ ಉತ್ತರ ಕೊಡಬೇಕಾದೀತು.

ತಿನ್ನುವ ವಸ್ತು ತಾಗುವ ಕಡೆ ಮನೆಬಳಕೆಯ ಸ್ಪ್ರೇಗೆ ಜಾಗವಿಲ್ಲ. ಮಿಕ್ಸಿ ಜಾರಿನ ಕೆಳಗಿನ ಬುಷ್ಷು, ಗ್ರೈಂಡರು, ಚಪಾತಿ ಒತ್ತುವ ಯಂತ್ರ, ಶಾವಿಗೆ ಒರಳು ಇವಕ್ಕೆಲ್ಲ ಅಡುಗೆ ಎಣ್ಣೆಯ ಹನಿಯೇ ಸಾಕು. ಕುಕ್ಕರಿನ ವಾಲ್ವಿಗೂ ಗ್ಯಾಸ್ಕೆಟ್ಟಿಗೂ ಸ್ಪ್ರೇ ಹೊಡೆಯಬಾರದು. ರಬ್ಬರು ಉಬ್ಬಿ ಹಾಳಾಗಬಹುದು, ವಾಸನೆ ಸಾರಿಗೆ ಇಳಿಯುತ್ತದೆ. ಆಲೆಮನೆಯಲ್ಲಿ ಈ ಗೆರೆ ಇನ್ನೂ ತೆಳು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿದರೆ ಹರಳೆಣ್ಣೆ ಬಿಟ್ಟು ಇಳಿಸುವ ರೂಢಿಯಿದೆ, ಅದು ತಿನ್ನುವ ಎಣ್ಣೆ. ಗಾಣದ ಬೇರಿಂಗಿಗೆ ಹಾಕುವುದು ತಿನ್ನುವ ಎಣ್ಣೆಯಲ್ಲ. ರೋಲರಿನ ಪಕ್ಕದಿಂದ ಗ್ರೀಸು ಒಸರಿ ಕಬ್ಬಿನ ಹಾಲಿಗೆ ಬೀಳದಂತೆ ತಗಡಿನ ಅಡ್ಡಿ ಇರಬೇಕು. ಆಹಾರದ ಯಂತ್ರಗಳಿಗೆಂದು ಎಚ್‌1 ದರ್ಜೆಯ ಗುರುತಿರುವ ಎಣ್ಣೆ, ಗ್ರೀಸುಗಳು ದೊರೆಯುತ್ತವೆ. ಅಕಸ್ಮಾತ್ ಲವಲೇಶ ಬೆರೆತರೂ ತೊಂದರೆಯಾಗದಿರಲೆಂದು ಮಾಡಿದ ಸರಕು ಅದು. ಆಲೆಮನೆಯಲ್ಲಿ ಸ್ಪ್ರೇ ಬೇಡವೆನ್ನಲು ಎರಡನೆಯ ಕಾರಣ ಕಬ್ಬಿನ ಸಿಪ್ಪೆಯ ರಚ್ಚು ಉರಿಯುವ ಒಲೆ. ಹಿಟ್ಟಿನ ಗಿರಣಿಯಲ್ಲೂ ಹಾಗೆಯೇ: ಗಾಳಿಯಲ್ಲಿ ತೇಲುವ ಹಿಟ್ಟಿನ ದೂಳು ತಾನೇ ಬೆಂಕಿಗೆ ಹತ್ತುವಂಥದ್ದು, ಅದಕ್ಕೆ ದ್ರಾವಕದ ಆವಿ ಸೇರಿಸಬಾರದು. ಗಿರಣಿಯ ಬೆಲ್ಟು ಕೀಚಲು ಸದ್ದು ಮಾಡಿದರೆ ಬೇಕಾದದ್ದು ಬಿಗಿ, ಎಣ್ಣೆಯಲ್ಲ.

ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಪ್ರತ್ಯೇಕ ಅಧ್ಯಾಯ. ಇರುವೆ, ಹಲ್ಲಿ, ತೇವ ಇವುಗಳಿಂದ ಸ್ಟಾರ್ಟರ್ ಎತ್ತದಿದ್ದಾಗ ಬಾಗಿಲು ತೆರೆದು ಸ್ಪ್ರೇ ಹೊಡೆಯುವುದುಂಟು. ಕರೆಂಟು ಬರುವುದೇ ಕೆಲವು ತಾಸು, ಅವಸರ ಸಹಜ. ಆದರೆ ಸ್ಟಾರ್ಟರ್ ಎಳೆಯುವಾಗ ಕಾಂಟ್ಯಾಕ್ಟುಗಳ ನಡುವೆ ಕಿಡಿ ಹಾರುತ್ತದೆ, ಪೆಟ್ಟಿಗೆಯಲ್ಲಿ ಆವಿ ತುಂಬಿದ್ದರೆ ಅದಕ್ಕೆ ಅಷ್ಟು ಸಾಕು. ಮೇನ್ ಫ್ಯೂಸ್ ಕಿತ್ತು, ಕರೆಂಟಿಲ್ಲವೆಂದು ಟೆಸ್ಟರಿನಲ್ಲಿ ಖಾತ್ರಿ ಮಾಡಿಕೊಂಡು, ಬ್ರಷ್ಷಿನಿಂದ ಒಣಗಿದ ಕಸ ತೆಗೆದು, ಬೇಕಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಮಾತ್ರ ಬಳಸಿ, ಪೂರ್ತಿ ಆರಿದ ಮೇಲೆ ಬಾಗಿಲು ಮುಚ್ಚಬೇಕು. ಕಂಬದ ಮೇಲಿನದು ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್‌ಗಳ ಕೆಲಸ, ಅಲ್ಲಿಗೆ ಡಬ್ಬಿಯೂ ಹತ್ತಬಾರದು, ಡಬ್ಬಿ ಹಿಡಿದವರೂ ಹತ್ತಬಾರದು.

ಜಾರಬಾರದ ಕಡೆ ಜಾರಿಕೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಬೈಕಿನ ಡಿಸ್ಕು, ಬ್ರೇಕ್ ಲೈನರು, ಸೈಕಲ್ಲಿನ ರಿಮ್ಮು, ಟೈರು, ಮೆಟ್ಟಿಲು, ಟೈಲ್ಸ್ ನೆಲ ಇವು ಆ ಪಟ್ಟಿಯಲ್ಲಿ ಮೊದಲಿನವು. ಚೈನಿಗೆ ಹೊಡೆಯುವಾಗ ಹಿಂದಿನ ಬ್ರೇಕಿಗೆ ರಟ್ಟಿನ ತುಂಡು ಮರೆ ಹಿಡಿಯಬೇಕು. ಲೈನರಿಗೆ ಎಣ್ಣೆ ತಾಗಿದ್ದು ತಿಳಿದರೆ ಗಾಡಿ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಬೇಕು. ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದಲ್ಲ ಅದು. ಸಹಜ ರಬ್ಬರು ಖನಿಜ ತೈಲಕ್ಕೆ ಉಬ್ಬುತ್ತದೆ, ಕೆಲವು ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕುಗಳು ದ್ರಾವಕಕ್ಕೆ ಬಿರುಕು ಬಿಡುತ್ತವೆ. ಹೆಲ್ಮೆಟ್ಟಿನ ಗಾಜನ್ನು ಇದರಿಂದ ಹೊಳೆಯಿಸಲು ಹೋಗಬಾರದು.

ಬೆಂಕಿಯ ಮಾತು. ಡಬ್ಬಿಯ ಮೇಲೆ ಕೆಂಪು ಚೌಕದ ಅಂಚಿನೊಳಗೆ ಜ್ವಾಲೆಯ ಚಿತ್ರವಿದ್ದರೆ ಅದು ಅಲಂಕಾರವಲ್ಲ. ಬ್ಯೂಟೇನ್, ಪ್ರೊಪೇನ್ ಗಾಳಿಗಿಂತ ಭಾರ. ಸಣ್ಣ ಕೋಣೆಯಲ್ಲಿ ನೆಲದ ಮಟ್ಟಕ್ಕೆ ಇಳಿದು ಹರಡಿಕೊಂಡಿರುತ್ತವೆ. ದೇವರ ಮನೆಯ ಬಾಗಿಲು ಕಿರುಗುಟ್ಟಿದರೆ ದೀಪ, ಊದುಬತ್ತಿ ಆರಿದ ಮೇಲೆ ಹೊಡೆಯಬೇಕು. ಅಡುಗೆಮನೆಯಲ್ಲಿ ಒಲೆ ಆರಿರಬೇಕು, ಕೈಯಲ್ಲಿ ಬೀಡಿ ಇರಬಾರದು, ಕಿಟಕಿ ತೆರೆದಿರಬೇಕು. ತುಂತುರಿಗೆ ಕಡ್ಡಿ ಗೀರಿ ಬೆಂಕಿ ಉಗುಳಿಸುವ ಹುಡುಗಾಟವೂ, ಕಣಜದ ಗೂಡನ್ನು ಹಾಗೆ ಸುಡುವ ದೊಡ್ಡವರಾಟವೂ ಆಸ್ಪತ್ರೆಯಲ್ಲಿ ಮುಗಿಯಬಹುದು. ಹತ್ತಿಕೊಂಡ ಎಣ್ಣೆಗೆ ನೀರು ಸುರಿಯಬಾರದು; ಮರಳು, ಮಣ್ಣು ಅಥವಾ ಪುಡಿ ತುಂಬಿದ ಅಗ್ನಿಶಾಮಕ ಬೇಕು. ವೆಲ್ಡಿಂಗ್ ಅಂಗಡಿಗೆ ಇನ್ನೊಂದು ಎಚ್ಚರಿಕೆ: ಕ್ಲೋರಿನ್ ಸೇರಿದ ಬ್ರೇಕ್ ಕ್ಲೀನರಿನಿಂದ ತೊಳೆದ ಕಬ್ಬಿಣಕ್ಕೆ ಆರ್ಕ್ ಹಿಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು, ಅದು ಶ್ವಾಸಕೋಶವನ್ನು ಸುಡುತ್ತದೆ.

ಮೈಗೆ ತಾಗಿದರೆ ಸೋಪು ನೀರು ಸಾಕು. ಕಣ್ಣಿಗೆ ಹಾರಿದರೆ ಶುದ್ಧ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು. ಮುಚ್ಚಿದ ಕೋಣೆಯಲ್ಲಿ ಹೊಡೆದು ತಲೆ ಸುತ್ತಿದರೆ ಗಾಳಿಗೆ ಬರಬೇಕು. ಮಗು ಕುಡಿದುಬಿಟ್ಟರೆ ಮಾತ್ರ ಊರಿನ ಹಳೆಯ ಉಪಚಾರವನ್ನು ಮರೆಯಬೇಕು: ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ತೆಳು ದ್ರಾವಕ ಹೊಟ್ಟೆಯಲ್ಲಿ ಮಾಡುವ ಹಾನಿಗಿಂತ ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿದು ಮಾಡುವ ಹಾನಿ ದೊಡ್ಡದು. 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಮಂಡ್ಯದ ಮಿಮ್ಸ್ ಆಗಲಿ ಬೇರೆ ಆಸ್ಪತ್ರೆಯಾಗಲಿ, ಒಳಗೇನಿತ್ತೆಂದು ವೈದ್ಯರಿಗೆ ಹೇಳುವುದು ಆ ಬರಹವೇ. ಮಂಡಿನೋವಿಗೆ ಇದನ್ನು ಹೊಡೆದುಕೊಂಡರೆ ವಾಸಿ ಎಂಬ ನಂಬಿಕೆ ಬೇರೆ ದೇಶಗಳಲ್ಲೂ ಸುತ್ತಾಡಿದೆ. ಬಾಗಿಲಿನ ಕೀಲಿಗೆ ಒಗ್ಗಿದ್ದು ಮೈಯ ಕೀಲಿಗೆ ಒಗ್ಗುವುದಿಲ್ಲ. ಚರ್ಮ ಒಣಗಿ ಕೆರೆತ ಬರುವುದಷ್ಟೇ ಲಾಭ.

ಡಬ್ಬಿ ಇಡುವ ಜಾಗ 50 ಡಿಗ್ರಿ ಮೀರಬಾರದೆಂದು ಸಾಮಾನ್ಯವಾಗಿ ಅದರ ಮೇಲೆ ಬರೆದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗು, ಮೋಟಾರ್ ಮನೆಯ ತಗಡಿನ ಚಾವಣಿಯ ಕೆಳಗು ಆ ಮಟ್ಟ ಮುಟ್ಟಬಲ್ಲವು. ನೆರಳಿನ, ಮಕ್ಕಳ ಕೈಗೆಟುಕದ, ಒಲೆಯಿಂದ ದೂರದ ಕಪಾಟು ಅದಕ್ಕೆ ತಕ್ಕ ಜಾಗ. ನೀರಿನ ಬಾಟಲಿಗೆ ಬಗ್ಗಿಸಿಡುವುದಂತೂ ಕೂಡದು. ಬುಸ್ಸೆನ್ನುವುದು ನಿಂತರೂ ಒಳಗೆ ಒತ್ತಡ ಉಳಿದಿರಬಹುದಾದ್ದರಿಂದ ಮೊಳೆಯಿಂದ ತೂತು ಮಾಡಬಾರದು, ಕಸದ ಬೆಂಕಿಗೆ, ಆಲೆಮನೆಯ ಒಲೆಗೆ ಎಸೆಯಬಾರದು. ಅಲ್ಲಿ ಸಿಡಿದರೆ ತಗಡೇ ಚೂರಿಯಾಗುತ್ತದೆ. ಮಿಕ್ಕ ಎಣ್ಣೆಯನ್ನು ಚರಂಡಿಗೋ ನಾಲೆಗೋ ಬಿಡುವಂತಿಲ್ಲ. ಬಯಲಿನಲ್ಲಿ ಹಳೆಯ ಚಿಂದಿಯ ಮೇಲೆ ಪೂರ್ತಿ ಖಾಲಿಯಾಗುವ ತನಕ ಹೊಡೆದು, ಚಿಂದಿಯನ್ನು ಗಾಳಿಯಲ್ಲಿ ಆರಲು ಬಿಟ್ಟು, ಡಬ್ಬಿಯನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಬೇಕು. ಗುಜರಿಯವನಿಗೆ ಕೊಡುವುದಾದರೆ ಅದು ಸ್ಪ್ರೇ ಡಬ್ಬಿಯೆಂದು ಬಾಯಿಬಿಟ್ಟು ಹೇಳಿ ಕೊಡಬೇಕು, ಏಕೆಂದರೆ ಅದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡುವವನು ಅವನು.